ಒರತೆದಾರಿಯನ್ನು ಮುಚ್ಚಿದವಳು

ಅವಳಿಗೆ ತರಗೆಲೆ ಎಂದು ಹೆಸರಿಟ್ಟದ್ದು ಅವಳ ಒಡಹುಟ್ಟಿದ ಅಣ್ಣನೇ. ಯಾವಾಗ ನೋಡಿದರೂ ಅವಳ ತಲೆಗೂದಲಲ್ಲಿ ಒಂದಾದರೂ ಒಣಗಿದ ಎಲೆ ಸಿಕ್ಕಿಕೊಂಡಿರುತ್ತಿತ್ತು. ಮೀಟಿಂಗಿಗೆ ಬಂದರೂ ಹಾಗೇ, ಮದುವೆಗೆ ಹೋದರೂ ಹಾಗೇ. ಅಣ್ಣನಿಗೆ ನಾವಿಟ್ಟ ಹೆಸರು ಮೈಕಣ್ಣ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಕೈಗೆ ಸ್ಪ್ಯಾನರ್ ಕೊಟ್ಟರೆ ಗಾಡಿ ರಿಪೇರಿ, ಮೈಕು ಕೊಟ್ಟರೆ ಸರ್ಕಾರ ರಿಪೇರಿ. ಇಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಇದ್ದ ಸಾಕ್ಷಿ ಒಂದೇ: ಹಿಡಿದ ಹಟ ಬಿಡುತ್ತಿರಲಿಲ್ಲ.

ಊರಿನ ಕೊನೆಯ ಬೀದಿ ಮುಗಿದಲ್ಲಿಂದ ನಮ್ಮ ಕಾಡು ಶುರು. ಅದರ ಕಾಲುದಾರಿಗಳನ್ನು ನೋಡಿಕೊಳ್ಳುವುದು ತರಗೆಲೆಯ ನೌಕರಿ. ನೀರಿನ ಟ್ಯಾಂಕಿನ ಹಿಂದಿದ್ದ ತಗಡಿನ ಶೆಡ್ಡೇ ಅವಳ ಆಫೀಸು. ಅದರೊಳಗೆ ಗುದ್ದಲಿ, ಗರಗಸ, ಮಚ್ಚು, ತರಗು ಹೊರುವ ದೊಡ್ಡ ಬುಟ್ಟಿ, ಒಂದು ಕಾಲು ಕುಂಟುವ ಕುರ್ಚಿ. ಕುರ್ಚಿಯ ಮೇಲೆ ಅವಳು ಕೂತಿದ್ದನ್ನು ನಾನು ಕಂಡಿಲ್ಲ, ಗುದ್ದಲಿ ಒರಗಿಸಿರುತ್ತಿದ್ದಳು.

ಕಾಡಿನ ದಾರಿ ಹಾಳಾಗುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ದಾರಿಯಲ್ಲಿ ಒಂದು ಕೆಸರುಗುಂಡಿ ಆಯಿತು ಅನ್ನಿ. ಮೊದಲು ಬಂದವನು ಚಪ್ಪಲಿ ಕೊಳೆಯಾದೀತೆಂದು ಪಕ್ಕದ ಹಸಿರಿನ ಮೇಲೆ ಕಾಲಿಡುತ್ತಾನೆ. ಅಲ್ಲೂ ಕೆಸರಾಗುತ್ತದೆ. ಹಿಂದೆ ಬಂದವನು ಅದರಾಚೆ ಕಾಲಿಡುತ್ತಾನೆ. ಒಬ್ಬ ಮನುಷ್ಯ ನಡೆಯುವಷ್ಟಿದ್ದ ದಾರಿ ಒಂದು ಮಳೆಗಾಲ ಕಳೆಯುವುದರೊಳಗೆ ಎಮ್ಮೆಗಳ ಹಿಂಡು ಹಾದುಹೋದ ಹಾಗಾಗಿರುತ್ತದೆ. ತರಗೆಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು: “ಕೆಸರಿದ್ರೆ ಕೆಸರಲ್ಲೇ ನಡೀರಿ. ಕಾಲು ತೊಳೆದ್ರೆ ಹೋಗುತ್ತೆ, ಬೇರು ಹೋದ್ರೆ ಬರಲ್ಲ.” ಜನ ನಗುತ್ತಿದ್ದರು. ಆ ಮಾತು ಕೇಳಿ ನಡೆಯುತ್ತಿದ್ದವರು ನನಗೆ ತಿಳಿದಂತೆ ಒಬ್ಬರೇ, ಅವಳ ಅಮ್ಮ. ಮುದುಕಿ ರಬ್ಬರ್ ಚಪ್ಪಲಿ ಹಾಕಿಕೊಂಡು ಗುಂಡಿಯ ನಟ್ಟನಡುವೆ ಪಚಪಚ ಎಂದು ಹೋಗುತ್ತಿತ್ತು.

ಸವೆದ ದಾರಿಗೆ ವಿಶ್ರಾಂತಿ ಕೊಡಬೇಕಾದಾಗ ತರಗೆಲೆ ಬೇಲಿ ಹಾಕುತ್ತಿರಲಿಲ್ಲ, ಬೋರ್ಡೂ ನೆಡುತ್ತಿರಲಿಲ್ಲ. “ಬೋರ್ಡು ಹಾಕಿದ್ರೆ ಒಳಗೆ ಏನೋ ಇದೆ, ಬನ್ನಿ ಅಂತ ಕರೆದ ಹಾಗೆ” ಎನ್ನುವುದು ಅವಳ ಲೆಕ್ಕ. ದಾರಿಯನ್ನೇ ಬಚ್ಚಿಡುತ್ತಿದ್ದಳು. ಸತ್ತ ಕೊಂಬೆಗಳನ್ನು ಎಳೆದು ತಂದು ತಾವೇ ಬಿದ್ದಿವೆ ಎನ್ನುವಂತೆ ಅಡ್ಡಾದಿಡ್ಡಿ ಹಾಕುವುದು, ನಡುನಡುವೆ ಸೊಪ್ಪಿರುವ ರೆಂಬೆ ನೆಡುವುದು, ಮೇಲೆ ಬುಟ್ಟಿಗಟ್ಟಲೆ ತರಗು ಚೆಲ್ಲುವುದು. ಕವಲಿನಲ್ಲಿ ನಿಂತವರ ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ. ಆಮೇಲೆ ಬೇಕಿಲ್ಲ. ದಾರಿ ಕಾಣದಿದ್ದರೆ ಕಾಲು ಆಚೆ ತಿರುಗುವುದಿಲ್ಲ.

ಕಲ್ಲುಗಣಿಯ ಕಂಪನಿ ಈ ಕಾಡಿಗೆ ಬಾಯಿ ಹಾಕಿದಾಗ ನಾವೆಲ್ಲ ಎದ್ದುನಿಂತೆವು. ಲಾಠಿ ತಿಂದೆವು, ಲಾಕಪ್ಪಿನಲ್ಲಿ ಸೊಳ್ಳೆಗೆ ರಕ್ತದಾನ ಮಾಡಿದೆವು. ಮೈಕಣ್ಣ ಗಂಟಲು ಹರಿದುಕೊಂಡ. ಆದರೆ ಊರಿಗೆ ನೆನಪಿರುವುದು ಅವರ ಅಮ್ಮ. ನೀಲಿ ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದು ಮಣ್ಣು ಅಗೆಯುವ ಯಂತ್ರದ ಮುಂದೆ ಹಾಕಿಕೊಂಡು ಕೂತ ಮುದುಕಿ. ಡ್ರೈವರು ಇಳಿದು ಬಂದು “ಏಳಮ್ಮಾ” ಎಂದರೆ “ಮಂಡಿ ನೋವು ಕಣಪ್ಪ, ಈಗಷ್ಟೇ ಕೂತಿದೀನಿ” ಎಂದಿತ್ತು. ಅದು ಎದ್ದದ್ದು ಯಂತ್ರ ಹಿಂದಕ್ಕೆ ಹೋದ ಮೇಲೆಯೇ.

ಕೋರ್ಟಿನಲ್ಲಿ ಗೆದ್ದೆವು. ಕಂಪನಿ ಹೋಯಿತು. ಅದು ಬಿಟ್ಟುಹೋದದ್ದು ಒಂದು ಗಣಿಹಳ್ಳ, ಅಲ್ಲಿಗೆ ಹೋಗುವ ಜಲ್ಲಿ ಹಾಕಿದ ಲಾರಿದಾರಿ.

ಗೆದ್ದ ಮೇಲೆ ತರಗೆಲೆಯ ಕಷ್ಟ ಶುರುವಾಯಿತು. ಪೇಪರಿನಲ್ಲಿ ಫೋಟೊ ಬಂದ ಕಾಡಲ್ಲವೇ, ರಜಾ ದಿನ ಬಂದರೆ ಸಾಕು, ಜನ ಮುಕುರುತ್ತಿದ್ದರು. ಎಲ್ಲರಿಗೂ ಒರತೆಯೇ ಬೇಕು. ಒರತೆ ಇರುವುದು ಒಂದು ಕಡಿದಾದ ಇಳಿಜಾರಿನ ಬುಡದಲ್ಲಿ. ಕಂಪನಿ ಮಾಡಲಾರದ್ದನ್ನು ಅಭಿಮಾನಿಗಳು ಚಪ್ಪಲಿಯಲ್ಲಿ ಮಾಡತೊಡಗಿದ್ದರು.

ಹೀಗಿರುವಾಗ ಡಿಪೋದ ಯೂನಿಯನ್ ರೂಮಿನಲ್ಲಿ ಕಾಡು ಉಳಿಸುವ ನಮ್ಮ ಕಮಿಟಿ ಸೇರಿತು. ಗ್ರೀಸಿನ ವಾಸನೆ, ಹಳೆಯ ಟೈರುಗಳು, ಉದ್ದನೆಯ ಎರಡು ಬೆಂಚು. ಮೈಕಣ್ಣ ಎದ್ದುನಿಂತ.

“ಗೆದ್ದು ವರ್ಷ ತುಂಬುತ್ತೆ. ಜಾಥಾ ಮಾಡ್ಬೇಕು. ಊರಿಗೆ ಊರೇ ನಡ್ಕೊಂಡು ಒರತೆವರೆಗೆ ಹೋಗ್ಬೇಕು.”

“ಒರತೆಗೆ ಬೇಡ ಅಣ್ಣ,” ತರಗೆಲೆ ಬಾಗಿಲ ಹತ್ತಿರದಿಂದಲೇ ಹೇಳಿದಳು. “ಲಾರಿದಾರೀಲಿ ಹೋಗಿ. ಗಣಿಹಳ್ಳದ ಹತ್ರ ಬೇಕಾದಷ್ಟು ಜಾಗ ಇದೆ, ಅಲ್ಲೇ ಭಾಷಣ ಮಾಡ್ಕೋ.”

“ಕಂಪನಿ ಹಾಕಿದ ದಾರೀಲಾ?”

“ತನ್ನನ್ನ ಯಾರು ಹಾಕಿದ್ರು ಅಂತ ಜಲ್ಲಿಗೆ ಗೊತ್ತಾ? ಅಷ್ಟು ಕಾಲು ತಡ್ಕೊಳ್ಳೋದು ಅದೊಂದೇ.”

“ಇವಳ ಮಾತು ಕೇಳಿದ್ರೆ ಕಂಪನಿಯವರನ್ನ ಕರೆಸಿ ಹಾರ ಹಾಕ್ಬೇಕಾಗುತ್ತೆ” ಎಂದ ಮೈಕಣ್ಣ. ರೂಮು ನಕ್ಕಿತು.

ಅವಳು ನಗಲಿಲ್ಲ. “ಆ ಇಳಿಜಾರಲ್ಲಿ ಬಂಡೆ ಮೇಲೆ ಇರೋದು ಒಂದು ಗೇಣು ಮಣ್ಣು. ಅದನ್ನ ಹಿಡ್ಕೊಂಡಿರೋದು ಪಾಚಿ, ಜರೀಗಿಡದ ಬೇರು. ಮಳೆ ಬೇರೆ ಹಿಡಿದಿದೆ. ಇಷ್ಟು ಜನ ಇಳಿದ್ರೆ ಸಿಪ್ಪೆ ಸುಲಿದ ಹಾಗೆ ಎದ್ದುಬರುತ್ತೆ. ಬಂದು ಒರತೆ ಬಾಯಲ್ಲೇ ಕೂರುತ್ತೆ. ಆಮೇಲೆ ಯಾವ ಕೋರ್ಟಿಗೆ ಹೋಗ್ತೀಯ?”

“ಈ ಜನ ಇಲ್ದಿದ್ರೆ ಕಾಡೇ ಇರ್ತಿರ್ಲಿಲ್ಲ ಕಣೇ. ಅವರು ಕಾಲಿಡಬಾರ್ದು ಅಂದ್ರೆ ಯಾರಿಗೋಸ್ಕರ ಉಳಿಸಿದ್ದು? ನಿನಗೊಬ್ಬಳಿಗಾ?”

ಮೈಕಣ್ಣನ ಪರವಾಗಿ ಕೈಗಳು ಎದ್ದವು. ಅವಳು ಸೋತಳು. “ಆಗ್ಲಿ” ಎಂದಷ್ಟೇ ಹೇಳಿ ಹೋದಳು. ಅವಳು ಇಷ್ಟು ಸುಲಭವಾಗಿ “ಆಗ್ಲಿ” ಎಂದದ್ದನ್ನು ನೋಡಿ ಮೈಕಣ್ಣನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವನೂ ಒಂದು ವಿಷಯ ಮುಚ್ಚಿಟ್ಟಿದ್ದ.

ಅಮ್ಮ ಇರುತ್ತಿದ್ದದ್ದು ಮಗಳ ಜೊತೆ, ಸೈಕಲ್ ಶಾಪಿನ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಜಾಥಾದ ಹಿಂದಿನ ದಿನ ಮೈಕಣ್ಣ ಬಂದು ಸೊಸೆ ಕರೀತಿದಾಳೆ ಎಂದು ಹೇಳಿ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿದ್ದ. ಅವನ ಯೋಚನೆ ಇಷ್ಟು: ಬೆಳಕು ಹರಿಯುವ ಹೊತ್ತಿಗೆ ಅಮ್ಮನನ್ನು ಬೈಕಿನಲ್ಲಿ, ಲಾರಿದಾರಿಯಿಂದ ಒರತೆದಾರಿ ಒಡೆಯುವ ಕವಲಿನ ತನಕ ಬಿಡುವುದು. ಮುದುಕಿ ನಿಧಾನವಾಗಿ ಇಳಿದು ಹೋಗಿ ಒರತೆಯ ಪಕ್ಕ ಅದೇ ನೀಲಿ ಸ್ಟೂಲಿನ ಮೇಲೆ ಕೂತಿರುವುದು. ಜಾಥಾ ಬಂದು ನೋಡಿದರೆ ಎದುರಿಗೆ ಅಮ್ಮ. ಪೇಪರಿನವರಿಗೆ ಅದಕ್ಕಿಂತ ಇನ್ನೇನು ಬೇಕು? ತಂಗಿಗೆ ಗೊತ್ತಾದರೆ ರಂಪ ಮಾಡುತ್ತಾಳೆಂದು ಅಮ್ಮನ ಬಾಯನ್ನೂ ಕಟ್ಟಿದ್ದ.

ಅವನು ಅಮ್ಮನನ್ನು ಬಿಟ್ಟು ಹೋದ ಸ್ವಲ್ಪ ಹೊತ್ತಿಗೆ ತರಗೆಲೆ ಬುಟ್ಟಿ, ಮಚ್ಚು ಹಿಡಿದು ಅದೇ ಕವಲಿಗೆ ಬಂದಳು.

ಒರತೆದಾರಿಯ ಬಾಯಲ್ಲೇ ಒಂದು ಕೆಸರುಗುಂಡಿಯಿತ್ತು. ಅದರ ನಟ್ಟನಡುವೆ ಹೊಸದಾಗಿ ಮೂಡಿದ ರಬ್ಬರ್ ಚಪ್ಪಲಿಯ ಗುರುತು. ಅವಳು ಅದನ್ನು ನೋಡಿದಳು. ಅಮ್ಮ ಅಣ್ಣನ ಮನೆಯಲ್ಲಿದೆ ಎಂದುಕೊಂಡಿದ್ದರಿಂದ ಅದು ಬೇರೆ ಯಾರದೋ ಎಂದು ಖುಷಿಪಟ್ಟಳು. ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದಕ್ಕೆ ಅಮ್ಮನಲ್ಲದೆ ಇನ್ನೊಬ್ಬರಾದರೂ ಕೇಳಿದರಲ್ಲ ಎಂದುಕೊಂಡಳು. ಆ ಖುಷಿಯಲ್ಲೇ ಅದರ ಮೇಲೆ ಒಂದು ಬುಟ್ಟಿ ತರಗು ಸುರಿದಳು. ಬೇರೆ ಯಾರಾದರೂ ಆಗಿದ್ದರೆ ಹೆಜ್ಜೆ ಎತ್ತ ಹೋಗಿದೆ ಎಂದು ನೋಡುತ್ತಿದ್ದರೇನೋ. ಅವಳು ಹೆಜ್ಜೆ ಎಲ್ಲಿ ಬಿದ್ದಿದೆ ಎನ್ನುವುದನ್ನು ಮಾತ್ರ ನೋಡುವವಳು.

ಕೊಂಬೆ ಎಳೆದಳು, ರೆಂಬೆ ನೆಟ್ಟಳು, ತರಗು ಹರಡಿದಳು. ಕವಲಿಗೆ ವಾಪಸ್ಸು ಬಂದು ಕಣ್ಣು ಹಾಯಿಸಿದಳು. ದಾರಿ ಇರಲಿಲ್ಲ. ಅಮ್ಮ ಕೆಳಗಿದ್ದಳು.

ಜಾಥಾ ಬಂತು. ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ. ಬ್ಯಾನರಿನ ಒಂದು ಕೋಲು ನನ್ನ ಕೈಯಲ್ಲಿ, ಇನ್ನೊಂದು ಡಿಪೋದ ಕಂಡಕ್ಟರನ ಕೈಯಲ್ಲಿ. ಮೈಕಣ್ಣ ಹಿಂದೆ, ಗಾಡಿಯ ಮೇಲೆ ಮೈಕು ಕಟ್ಟಿಸಿ, ಹೆಗಲಿಗೆ ಕೈಮೈಕು ನೇತುಹಾಕಿಕೊಂಡು. ಕವಲಿನಲ್ಲಿ ತರಗೆಲೆ ನಿಂತಿದ್ದಳು. ನಮ್ಮನ್ನು ನೋಡಿದವಳೇ ಬ್ಯಾನರಿನ ಮುಂದೆ ಬಂದು, ಲಾರಿದಾರಿಯ ಕಡೆ ತಿರುಗಿ ನಡೆಯತೊಡಗಿದಳು.

“ಒರತೆ ಈ ಕಡೆ ಅಲ್ವಾ?” ಎಂದ ಕಂಡಕ್ಟರು, ಕಣ್ಣಲ್ಲೇ ಹುಡುಕುತ್ತಾ.

“ಯಾವ ಕಡೆ?” ಎಂದಳು ಅವಳು, ತಿರುಗಿ ನೋಡದೆ.

ಅವನು ನೋಡಿದ. ಬರೀ ಪೊದೆ, ಕೊಂಬೆ, ತರಗು. ನನಗೂ ಕಾಣಲಿಲ್ಲ. ನಾನು ಅಲ್ಲಿ ಎಷ್ಟೋ ಸಲ ಇಳಿದಿದ್ದೆ. ಅವಳ ಕತ್ತಿನ ಹಿಂಭಾಗ ಬೆವರಿತ್ತು, ಬಿಸಿಲೇನೂ ಇರಲಿಲ್ಲ. ಜಾಥಾದಲ್ಲಿ ಜನ ತಲೆಯಿಂದ ನಡೆಯುವುದಿಲ್ಲ, ಮುಂದಿನವರ ಹಿಮ್ಮಡಿ ನೋಡಿಕೊಂಡು ನಡೆಯುತ್ತಾರೆ. ನಮ್ಮ ಹಿಂದೆ ಒಂದು ಸಾಲು ತಿರುಗಿತು, ಅದರ ಹಿಂದೆ ಇನ್ನೊಂದು. ಜಲ್ಲಿಯ ಮೇಲೆ ಕಾಲುಗಳ ಕರಕರ. ಕೊನೆಯ ಸಾಲೂ ಕವಲು ದಾಟಿತು.

ಗಣಿಹಳ್ಳ ಕಂಡಾಗ ಹಿಂದಿನಿಂದ ಮೈಕಣ್ಣ ಜನರನ್ನು ಸೀಳಿಕೊಂಡು ಓಡಿಬಂದ.

“ಇದೆಲ್ಲಿಗೆ ಕರ್ಕೊಂಬಂದೆ?”

“ಬರ್ಬೇಕಾದ ಕಡೆಗೆ. ಭಾಷಣ ಶುರುಮಾಡು.”

“ಒರತೆದಾರಿ ಎಲ್ಲಿ?”

“ಮುಚ್ಚಿದೀನಿ. ಬೈಯೋದಿದ್ರೆ ಮನೇಲಿ ಬೈಯಿ.”

ಅವನು ಬೈಯಲಿಲ್ಲ. ಮುಖ ಸುಣ್ಣದ ಹಾಗಾಯಿತು. “ಅಮ್ಮ ಕೆಳಗಿದಾಳೆ ಕಣೇ” ಎಂದ.

ಅವಳು ಅವನನ್ನೇ ನೋಡಿದಳು. ಕೆಸರಿನ ನಡುವಿನ ರಬ್ಬರ್ ಚಪ್ಪಲಿ ಆಗ ಅವಳಿಗೆ ನೆನಪಾಗಿರಬೇಕು. ಆಮೇಲೆ ಇಬ್ಬರೂ ಕವಲಿನ ಕಡೆ ಓಡಿದರು. ಕೋಲು ಹಿಡಿದ ನಾವಿಬ್ಬರೂ ಓಡಿದೆವು. ನಮ್ಮನ್ನು ನೋಡಿ ಜಾಥಾ ಪೂರ್ತಿ ತಿರುಗಿತು.

ತರಗೆಲೆ ಒಂಟಿಯಾಗಿ ಒರತೆಯ ತನಕ ಇಳಿದು ಮೇಲಕ್ಕೆ ಬಂದಳು. ಅಮ್ಮ ಅಲ್ಲಿರಲಿಲ್ಲ. ನಡೆದದ್ದೇನೆಂದು ಊಹಿಸುವುದು ಕಷ್ಟವಿರಲಿಲ್ಲ. ಮುದುಕಿಗೆ ಘೋಷಣೆ ಹತ್ತಿರವಾಗಿ, ಆಮೇಲೆ ದೂರವಾಗಿದ್ದು ಕೇಳಿಸಿದೆ. ನನ್ನನ್ನು ಬಿಟ್ಟು ಹೋದರು ಎಂದು ಸ್ಟೂಲು ಎತ್ತಿಕೊಂಡು ಹತ್ತಲು ಹೊರಟಿದೆ. ಮೇಲೆ ಬಂದರೆ ದಾರಿಯೇ ಇಲ್ಲ. ಮಂದಗಣ್ಣು ಬೇರೆ. ಎಡಕ್ಕೋ ಬಲಕ್ಕೋ ತಿರುಗಿ ಇಳಿಜಾರಿನ ಮೇಲೆಯೇ ಹೋಗಿದೆ. ಎಡಕ್ಕೆ ಪೊದೆ. ಬಲಕ್ಕೆ ಬಂಡೆಯ ಅಂಚು.

ಅಷ್ಟು ಹೊತ್ತಿಗೆ ಕವಲಿನಲ್ಲಿ ಜನ ಕಿಕ್ಕಿರಿದಿದ್ದರು. ಅಜ್ಜಿ ಕಾಣುತ್ತಿಲ್ಲವಂತೆ ಎನ್ನುವ ಸುದ್ದಿ ಹಿಂದಿನ ಸಾಲು ಮುಟ್ಟುವ ಹೊತ್ತಿಗೆ ಅಜ್ಜಿ ಬಿದ್ದುಹೋಯಿತಂತೆ ಎಂದಾಗಿತ್ತು. “ಸಾಲಾಗಿ ನಿಂತು ಇಳಿಯೋಣ, ಒಂದು ಕಡೆಯಿಂದ ಹುಡುಕೋಣ” ಎಂದು ಕೆಲವರು ಪ್ಯಾಂಟು ಮಡಚಿಕೊಂಡರು. ಮೊದಲನೆಯವನು ಕಾಲಿಟ್ಟ. ಅವನ ಪಾದದಡಿ ಪಾಚಿ ಚಾಪೆಯ ಹಾಗೆ ಸುರುಳಿಯಾಗಿ ಜಾರಿತು. ಹಿಡಿಯಷ್ಟು ದಪ್ಪದ ಕಲ್ಲೊಂದು ಕಳಚಿ ಉರುಳುತ್ತಾ ಹೋಯಿತು. ಅದು ಎಲ್ಲೋ ಕೆಳಗೆ ಬಡಿದ ಸದ್ದು ನಮಗೆಲ್ಲ ಕೇಳಿಸಿತು.

ತರಗೆಲೆ ಅವನ ಶರ್ಟು ಹಿಡಿದು ಎಳೆದಳು. “ಒಬ್ರೂ ಇಳೀಬೇಡಿ.”

“ನೀನ್ಯಾರೇ ಹೇಳೋಕೆ?” ಮೈಕಣ್ಣನ ಗಂಟಲು ಬಿರಿಯಿತು. “ದಾರಿ ಮುಚ್ಚಿದ್ದು ನೀನು. ಈಗ ಹುಡುಕೋಕೂ ಬಿಡಲ್ವಾ? ನಿಂಗೆ ಅಮ್ಮ ಮುಖ್ಯಾನೋ ಪಾಚಿ ಮುಖ್ಯಾನೋ?”

ಎಲ್ಲರೂ ಅವಳ ಮುಖ ನೋಡಿದರು.

“ಇಷ್ಟು ಜನ ಮೇಲಿಂದ ಇಳಿದ್ರೆ ಕಲ್ಲು ಮಣ್ಣು ಎಲ್ಲ ಅವಳ ತಲೆ ಮೇಲೇ ಬೀಳುತ್ತೆ. ಈಗ ಬಿತ್ತಲ್ಲ, ಕೇಳಿಸ್ಲಿಲ್ವಾ?” ಎಂದಳು. “ಇವರನ್ನ ಕೂರಿಸು ಅಣ್ಣ. ಬಾಯಿ ಮುಚ್ಚಿಸು. ನಿನ್ನ ಮಾತು ಬಿಟ್ರೆ ಇವರು ಯಾರ ಮಾತೂ ಕೇಳಲ್ಲ.”

“ಇದು ನೆಪ ಆಗಿದ್ರೆ...”

“ಆಗಿದ್ರೆ ಆಮೇಲೆ ಚಪ್ಪಲೀಲಿ ಹೊಡಿ. ಈಗ ಕೂರಿಸು.”

ಅವನು ನಿಂತ. ಜನ ಒತ್ತುತ್ತಿದ್ದರು, ಮುಂದಿನವರ ಕಾಲು ಅಂಚಿಗೆ ಬಂದಿತ್ತು. ಇನ್ನೊಂದು ತಳ್ಳು ಬಂದಿದ್ದರೆ ಮುಗಿದಿತ್ತು. ಮೈಕಣ್ಣ ಕೈಮೈಕು ಬಾಯಿಗೆ ಹಿಡಿದ. ಲಾಠಿಯ ದಿನಗಳಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದ: “ಕೂತ್ಕೊಳ್ಳಿ. ಇದ್ದಲ್ಲೇ ಕೂತ್ಕೊಳ್ಳಿ. ಒಬ್ರೂ ಮಾತಾಡಬೇಡಿ.”

ನಮ್ಮ ಜನಕ್ಕೆ ಬೇರೇನು ಬರದಿದ್ದರೂ ಧರಣಿ ಕೂರುವುದು ಬರುತ್ತದೆ. ಮುಂದಿನವರು ಕುಸಿದರು, ಹಿಂದಿನವರು ಕುಸಿದರು, ಲಾರಿದಾರಿಯ ತಿರುವಿನ ತನಕ ತಲೆಗಳು ಇಳಿಯುತ್ತಾ ಹೋದವು. ಯಾರದೋ ಮಗು ಅತ್ತಿತು, ಬಾಯಿಗೆ ಏನೋ ತುರುಕಿದರು. ಆಮೇಲೆ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ.

ತರಗೆಲೆ ಕಣ್ಣು ಮುಚ್ಚಿ ನಿಂತಿದ್ದಳು. ಬಹಳ ಹೊತ್ತು ಏನೂ ಕೇಳಲಿಲ್ಲ. ಮೈಕಣ್ಣ ನೆಲ ನೋಡುತ್ತಿದ್ದ.

ಟಪ್. ಟಪ್. ಬಲಗಡೆಯಿಂದ, ಕೆಳಗಿನಿಂದ. ಪ್ಲಾಸ್ಟಿಕ್ ಕಲ್ಲಿಗೆ ಬಡಿಯುವ ಸದ್ದು. ಅದರ ಹಿಂದೆಯೇ ಮುದುಕಿಯ ದನಿ, ಸ್ಪಷ್ಟವಾಗಿ:

“ದಾರಿ ಮುಚ್ಚಿದ ಆ ಮನೆಹಾಳ ಯಾರೋ, ಅವನ ಕೈ ಸೇದಿಹೋಗ.”

ಕೂತ ಜನರ ನಡುವೆ ಒಂದು ನಗು ಹುಟ್ಟಿ ಅಲ್ಲೇ ಸತ್ತಿತು.

ತರಗೆಲೆ ಚಪ್ಪಲಿ ಬಿಚ್ಚಿ ಎಸೆದಳು. “ಮೂರು ಜನ ಸಾಕು. ಅಣ್ಣ, ಮತ್ತೆ ಬ್ಯಾನರ್ ಹಿಡಿದವರಿಬ್ಬರು. ಬ್ಯಾನರ್ ಸುತ್ಕೊಂಡು ಬನ್ನಿ. ಬರಿಗಾಲು. ನಾನು ಕಾಲಿಟ್ಟಲ್ಲೇ ಕಾಲಿಡ್ಬೇಕು, ಆಚೆ ಈಚೆ ಬೆರಳೂ ಇಡಬೇಡಿ.”

ಇಳಿದೆವು. ಅವಳು ಕೈಕಾಲು ನಾಲ್ಕನ್ನೂ ನೆಲಕ್ಕೆ ಊರಿ ಮುಂದೆ, ನಾವು ಅವಳ ಹೆಜ್ಜೆಗುಳಿಯಲ್ಲಿ ಹೆಜ್ಜೆ ಹಾಕುತ್ತಾ ಹಿಂದೆ. ಪಾಚಿಯ ಕೆಳಗೆ ಮಣ್ಣು ಹಸಿ ಹಿಟ್ಟಿನ ಹಾಗೆ ಅಲುಗುತ್ತಿತ್ತು. ಅವಳು ಹೇಳಿದ ಒಂದು ಗೇಣು ಎಂದರೆ ಎಷ್ಟೆಂದು ಆಗ ಪಾದಕ್ಕೆ ಗೊತ್ತಾಯಿತು.

ಅಮ್ಮ ಬಂಡೆಯ ಅಂಚಿಗಿಂತ ಸ್ವಲ್ಪ ಮೇಲೆ ಎರಡು ಬೇರುಗಳ ನಡುವೆ ಕಾಲು ಸಿಕ್ಕಿಸಿಕೊಂಡು ಮಲಗಿತ್ತು. ಪಾದ ತಿರುಗಬಾರದ ಕಡೆ ತಿರುಗಿತ್ತು. ಒಂದು ಕೈಯಲ್ಲಿ ಸ್ಟೂಲಿನ ಕಾಲು. ತಲೆಯ ಪಕ್ಕದಲ್ಲೇ ಮೇಲಿಂದ ಉರುಳಿ ಬಂದ ಆ ಕಲ್ಲು ಕೂತಿತ್ತು. ಮೈಕಣ್ಣ ಅದನ್ನು ನೋಡಿದ.

“ಮುಚ್ಚಿದ್ದು ನಾನೇ ಅಮ್ಮ,” ಎಂದಳು ತರಗೆಲೆ.

ಮುದುಕಿ ಮಗಳನ್ನು ದಿಟ್ಟಿಸಿತು. “ನೀನೇನಾ? ಸರಿ. ಮೊದ್ಲು ಕಾಲು ಬಿಡಿಸು. ನಿನ್ನ ವಿಚಾರ ಆಮೇಲೆ.” ಮಗನ ಕಡೆ ತಿರುಗಿ, “ನೀನೇನೋ ನೋಡ್ತಿದೀಯ? ಮೆರವಣಿಗೆ ಬಂತಾ? ಫೋಟೊ ತೆಗೆದ್ರಾ?” ಎಂದಿತು.

ಬ್ಯಾನರನ್ನು ಬಿಡಿಸಿ ಎರಡು ಕೋಲಿನ ನಡುವೆ ಅಮ್ಮನನ್ನು ಮಲಗಿಸಿದೆವು. “ನಮ್ಮ ಕಾಡು ನಮ್ಮದು” ಎಂದು ದಪ್ಪಕ್ಷರದಲ್ಲಿ ಬರೆದ ಬಟ್ಟೆ. ನಾಲ್ವರು ನಾಲ್ಕು ತುದಿ ಹಿಡಿದು, ಇಳಿದ ಗುರುತಿನಲ್ಲೇ ಹತ್ತಿದೆವು. ಸ್ಟೂಲು ಬಿಟ್ಟು ಬರಲು ಮುದುಕಿ ಒಪ್ಪಲಿಲ್ಲ, ಹೊಟ್ಟೆಯ ಮೇಲೆ ಇಟ್ಟುಕೊಂಡಿತ್ತು. ಮೇಲೆ ಬಂದಾಗಲೂ ಜನ ಕೂತೇ ಇದ್ದರು. ದಾರಿ ಬಿಟ್ಟುಕೊಡಲು ಮಾತ್ರ ಸರಿದರು, ಜಲ್ಲಿಯ ಮೇಲೆಯೇ.

ಕಣಕಾಲಿನ ಮೂಳೆ ಮುರಿದಿತ್ತು. ಆಪರೇಶನ್ ಆಯಿತು, ಒಳಗೆ ಕಬ್ಬಿಣದ ಪಟ್ಟಿ ಹಾಕಿದರು. ಅಮ್ಮ ಮತ್ತೆಂದೂ ಒರತೆಗೆ ಇಳಿಯಲಿಲ್ಲ. ತರಗೆಲೆಯನ್ನು ಕಮಿಟಿಯಿಂದ ತೆಗೆದರು, ಬಹುಮತದ ತೀರ್ಮಾನ ಮೀರಿದ್ದಕ್ಕೆ. ನಿಯಮದ ಪ್ರಕಾರ ಅದು ಸರಿಯೇ. ಅವಳು ತಕರಾರು ಮಾಡಲಿಲ್ಲ. ಅಣ್ಣ ತಂಗಿ ಆಸ್ಪತ್ರೆಯ ಕಾರಿಡಾರಿನಲ್ಲೂ ಬೇರೆ ಬೇರೆ ಬೆಂಚಿನಲ್ಲಿ ಕೂತರು. ಅವನು ಅಮ್ಮನನ್ನು ಯಾಕೆ ಹೇಳದೆ ಕಳಿಸಿದ ಎಂದು ಇವಳು ಕೇಳಲಿಲ್ಲ. ಆ ಹೊತ್ತಿನಲ್ಲಿ ಪಾಚಿಯೂ ಅವಳ ಮನಸ್ಸಿನಲ್ಲಿತ್ತೋ ಎಂದು ಅವನು ಮತ್ತೆ ಕೇಳಲಿಲ್ಲ. ನಾನು ಒಮ್ಮೆ ಕೇಳಿದೆ. “ಇತ್ತು” ಎಂದಳು. ಬುಟ್ಟಿ ಎತ್ತಿಕೊಂಡು ಹೋದಳು.

ಇಳಿಜಾರು ಉಳಿದಿದೆ. ನಾವು ಇಳಿದ ಕಡೆ ಒಂದು ತೋಳಿನ ಅಗಲಕ್ಕೆ ಮಣ್ಣು ಕಿತ್ತು ಬಂಡೆ ಕಾಣುತ್ತದೆ. ಅಲ್ಲಿ ಪಾಚಿ ಇನ್ನೂ ಹತ್ತಿಲ್ಲ. ನಮ್ಮ ಜೀವಮಾನದಲ್ಲಿ ಹತ್ತುತ್ತದೆಂದು ಅವಳು ಹೇಳುವುದೂ ಇಲ್ಲ.

ಈಗಲೂ ದಾರಿ ಮುಚ್ಚುವುದು ಅವಳ ಕೆಲಸವೇ. ಆದರೆ ಮೊದಲ ಕೊಂಬೆ ಇಡುವ ಮುಂಚೆ ದಾರಿಯ ಬಾಯಲ್ಲಿ ನಿಂತು ಗಂಟಲೆತ್ತಿ ಕೂಗುತ್ತಾಳೆ: “ಒಳಗ್ಯಾರಾದ್ರೂ ಇದೀರಾ?” ಕೂಗಿ, ಒಳಗೆ ಹೋಗಿ ಪೂರ್ತಿ ನೋಡಿಕೊಂಡು ಬರುತ್ತಾಳೆ. ಅಂಥ ದಿನ ಮೈಕಣ್ಣ ಅಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಕವಲಿನಲ್ಲಿ ಇಳಿಸುತ್ತಾನೆ. ಎಂಜಿನ್ ನಿಲ್ಲಿಸುವುದಿಲ್ಲ, ತಂಗಿಯ ಕಡೆ ನೋಡುವುದಿಲ್ಲ, ಸ್ಟೂಲು ಕೆಳಗಿಟ್ಟು ಗಾಡಿ ತಿರುಗಿಸುತ್ತಾನೆ. ಅಮ್ಮ ಸ್ಟೂಲಿನ ಮೇಲೆ ಕೂತು, ಊರುಗೋಲು ಅಡ್ಡ ಇಟ್ಟು, ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ನೋಡುತ್ತಿರುತ್ತದೆ.

“ಯಾರೂ ಇಲ್ಲ ಕಣೇ,” ಎನ್ನುತ್ತದೆ ಕೊನೆಗೆ. “ಹಾಕು.”